ಹೊಲಿಗೆ ಹಾಕಿದ ಅರ್ಜಿ

ಬೀದಿಯವರೆಲ್ಲ ಗೋಂದಣ್ಣ ಎಂದು ಕರೆಯುತ್ತಿದ್ದ ಆ ಬೈಂಡರ್‌ಗೆ ಬಿಡಿ ಕಾಗದ ಕಂಡರೆ ಆಗುತ್ತಿರಲಿಲ್ಲ. ಕೆಲವರಿಗೆ ಬೆಕ್ಕು ಕಂಡರೆ ಆಗುವುದಿಲ್ಲ, ಕೆಲವರಿಗೆ ಭಾವಮೈದುನ ಕಂಡರೆ ಆಗುವುದಿಲ್ಲ. ಇವನಿಗೆ ಬಿಡಿ ಕಾಗದ. ಮೇಜಿನ ಮೇಲೆ ಎರಡು ಹಾಳೆ ಒಂದರ ಪಕ್ಕ ಒಂದು ಸುಮ್ಮನೆ ಬಿದ್ದಿದ್ದರೂ ಸಾಕು, ಅವನ ಕೈ ತಾನಾಗಿಯೇ ಸೂಜಿ ಹುಡುಕುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಗೆ ಒರಗಿ ಕಬ್ಬಿಣದ ಒತ್ತುಯಂತ್ರ, ಅದರ ಹಿಡಿಗೆ ನೇತುಬಿದ್ದ ಕನ್ನಡಕ, ಮೂಲೆಯಲ್ಲಿ ರಟ್ಟಿನ ಕಟ್ಟುಗಳು, ಹಲಗೆಯ ಮೇಲೆ ರಟ್ಟಿಗೆ ಹೊದಿಸುವ ಬಣ್ಣಬಣ್ಣದ ಕ್ಯಾಲಿಕೊ ಬಟ್ಟೆಯ ಸುರುಳಿಗಳು. ಕಿಟಕಿಯ ಕಟ್ಟೆಯ ಮೇಲೆ ಮೈದಾ ಅಂಟಿನ ಪಾತ್ರೆ. ಆ ಪಾತ್ರೆ ಒಂದು ಕಾಲಕ್ಕೆ ಅಡುಗೆಮನೆಯದು. ಅದು ಕಳುವಾಯಿತೆಂದು ಹೆಂಡತಿ ಎರಡು ದಿನ ಹುಡುಕಿ, ಮೂರನೆಯ ದಿನ ಕಿಟಕಿಯಲ್ಲಿ ಕಂಡು, ನಾಲ್ಕನೆಯ ದಿನ ಅದರ ಆಸೆಯನ್ನೇ ಬಿಟ್ಟಿದ್ದಳು.

ಮೂವತ್ತೊಂದು ವರ್ಷದಲ್ಲಿ ಗೋಂದಣ್ಣ ಆ ಕೋಣೆಯಲ್ಲಿ ಕೂತು ಕಟ್ಟದೆ ಬಿಟ್ಟ ಕಾಗದವಿಲ್ಲ. ಅತ್ತೆಯ ಔಷಧಿ ಚೀಟಿಗಳು ಎರಡು ಸಂಪುಟವಾಗಿದ್ದವು. ಅವನ್ನು ತಿರುವಿ ನೋಡಿದ ಡಾಕ್ಟರು, “ಇಷ್ಟೆಲ್ಲ ನಾನೇ ಬರೆದದ್ದಾ?” ಎಂದು ಬೆರಗಾಗಿ ಮುಂದಿನ ಸಲ ಒಂದೇ ಮಾತ್ರೆ ಬರೆದುಕೊಟ್ಟಿದ್ದರು. ಮದುವೆಗೆ ಮೊದಲು ತಾನು ಬರೆದ ಪತ್ರಗಳನ್ನೂ ಅವನು ಹಸಿರು ಬಟ್ಟೆ ಹಾಕಿ ಭದ್ರವಾಗಿ ಕಟ್ಟಿದ್ದ. ಹೆಂಡತಿಗೆ ಸಿಟ್ಟು ಬಂದು ಅವುಗಳಲ್ಲಿ ಒಂದನ್ನಾದರೂ ಹರಿದು ಹಾಕೋಣವೆಂದರೆ ಇಡೀ ದಾಂಪತ್ಯವೇ ಕಿತ್ತು ಬರುವ ಹಾಗಿತ್ತು.

“ನಾನು ಕಟ್ಟಿದ್ದು ನಾನು ಹೋದ್ಮೇಲೂ ಬಿಚ್ಚಲ್ಲ,” ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ.

“ಅದನ್ನ ಬಿಚ್ಚಕ್ಕೆ ಯಾರು ಕಾಯ್ತಾ ಕೂತಿದ್ದಾರೆ?” ಎಂದು ಹೆಂಡತಿ ಒಳಗಿನಿಂದ ಕೇಳುತ್ತಿದ್ದಳು.

ಇಷ್ಟೆಲ್ಲ ಪುಸ್ತಕಗಳ ನಡುವೆ ಬಾಳಿದವನು ಪುಸ್ತಕ ಓದಿದವನೇನೂ ಅಲ್ಲ. ಪುಸ್ತಕಗಳನ್ನು ಅವನು ಬೆನ್ನಿನ ಕಡೆಯಿಂದ ಬಲ್ಲ. ಯಾವುದರ ಹೊಲಿಗೆ ಸಡಿಲ, ಯಾವುದಕ್ಕೆ ಅಂಟು ಹೆಚ್ಚಾಗಿದೆ, ಯಾವುದನ್ನು ಯಾರೋ ತಲೆದಿಂಬು ಮಾಡಿಕೊಂಡು ಹಾಳು ಮಾಡಿದ್ದಾರೆ ಎಂದು ಮುಟ್ಟಿ ಹೇಳಬಲ್ಲ. ಒಳಗೇನಿದೆ ಎನ್ನುವುದು ಓದುವವರ ಪಾಡು.

ಓದುವ ಪಾಡು ಅವನ ಒಬ್ಬಳೇ ಮಗಳಿಗೆ ಬಂದಿತ್ತು. ಅವಳು ಓದಬೇಕೆಂದು ಹಟ ಹಿಡಿದಿದ್ದು ಕಲ್ಲುಗಳ ವಿಷಯ. ಭೂವಿಜ್ಞಾನ ಎಂದು ಅವಳು ಹೇಳುತ್ತಿದ್ದಳು. ಬೀದಿಯವರಿಗೆ ಅದು ಕಲ್ಲೇ. “ಕಲ್ಲು ಓದಕ್ಕೆ ಕಾಲೇಜಿಗೆ ಯಾಕಮ್ಮ ಹೋಗ್ಬೇಕು? ನಮ್ಮ ಹಿತ್ತಲಿಗೆ ಬಾ, ಬೇಕಾದಷ್ಟಿದೆ,” ಎಂದು ಪಕ್ಕದ ಮನೆಯ ಕ್ಷೌರಿಕ ದಿನಕ್ಕೊಮ್ಮೆ ಕರೆಯುತ್ತಿದ್ದ. ಅವಳು ಒಂದು ದಿನ ನಿಜವಾಗಿಯೂ ಹೋಗಿ, ಅವನ ಬಟ್ಟೆ ಒಗೆಯುವ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತೆಂದು ಹೇಳಿ ಬಂದಳು. ಅಂದಿನಿಂದ ಅವನ ಹೆಂಡತಿ ಆ ಕಲ್ಲಿನ ಮೇಲೆ ಜೋರಾಗಿ ಬಟ್ಟೆ ಬಡಿಯಲು ಹಿಂಜರಿಯುತ್ತಿದ್ದಳಂತೆ.

ಆದರೆ ಕಾಲೇಜಿನ ಶುಲ್ಕ ಕಟ್ಟುವುದು ಪುಸ್ತಕ ಕಟ್ಟಿದಷ್ಟು ಸುಲಭವಲ್ಲ. ಉಳಿದಿದ್ದ ದಾರಿ ಒಂದೇ: ಊರಿನ ಸಮುದಾಯ ಪ್ರತಿಷ್ಠಾನ. ಅಂಗಡಿಯವರು, ನಿವೃತ್ತ ಶಿಕ್ಷಕರು, ಇಬ್ಬರು ಮೂವರು ಡಾಕ್ಟರುಗಳು ಸೇರಿ ನಡೆಸುತ್ತಿದ್ದ ಆ ಪ್ರತಿಷ್ಠಾನ ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ, ಒಬ್ಬರಿಗೆ ಮಾತ್ರ, ಓದು ಮುಗಿಯುವವರೆಗೆ ಪೂರ್ತಿ ಶುಲ್ಕ ಭರಿಸುತ್ತಿತ್ತು. ಅದು ಸಿಕ್ಕಿದರೆ ಕಾಲೇಜು. ಸಿಗದಿದ್ದರೆ ಚಿಕ್ಕಮ್ಮನ ಪರಿಚಯದ ಔಷಧಿ ಅಂಗಡಿಯ ಗಲ್ಲಾದ ಕೆಲಸ. ಚಿಕ್ಕಮ್ಮ ಆಗಲೇ ಅಲ್ಲಿ ಹೇಳಿಯೂ ಇಟ್ಟಿದ್ದಳು. ಒಳ್ಳೆಯದನ್ನು ಮಾಡಲು ಆಕೆಗೆ ಯಾವಾಗಲೂ ಸ್ವಲ್ಪ ಅವಸರ.

ಮಗಳು ಮೂರು ವಾರ ಕೂತು ಅರ್ಜಿ ತುಂಬಿದಳು. ಅಂಕಪಟ್ಟಿಗಳು, ಶಾಲೆಯ ಮೊಹರು ಬಿದ್ದ ಪತ್ರ, ಗಣಿತದ ಮೇಡಂ ಬರೆದ ಶಿಫಾರಸು, ಕೈಬರಹದ ಎರಡು ಪ್ರಬಂಧ, ಎಲ್ಲ ಸೇರಿ ಹದಿನಾಲ್ಕು ಹಾಳೆ. ಕೊನೆಯ ದಿನ ಅವಳಿಗೆ ಬೇರೆ ಶಾಲೆಯಲ್ಲಿ ಪ್ರಯೋಗ ಪರೀಕ್ಷೆ. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಅಪ್ಪನಿಗೆ ಹೇಳಿದಳು:

“ಅಪ್ಪಾ, ಪೆನ್ಸಿಲ್‌ನಲ್ಲಿ ಗುರುತು ಹಾಕಿರೋ ಕಡೆ ಸಹಿ ಮಾಡು. ಐದು ಗಂಟೆ ಒಳಗೆ ಕೊಟ್ಟು ರಸೀದಿ ತಗೋ. ಅಷ್ಟೇ. ಇನ್ನೇನೂ ಮಾಡ್ಬೇಡ.”

“ಇನ್ನೇನು ಮಾಡ್ತೀನಿ ನಾನು?”

“ಅದೇ ನಂಗೆ ಭಯ.”

ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅವಳು ಅದಕ್ಕೂ ಮೊದಲೇ ಹೋಗಿದ್ದಳು. ಮನೆಯಲ್ಲಿ ಉಳಿದವರು ಗೋಂದಣ್ಣ ಮತ್ತು ಹದಿನಾಲ್ಕು ಬಿಡಿ ಹಾಳೆಗಳು.

ಅವನು ಸಹಿ ಮಾಡಿದ. ಜವಾಬ್ದಾರಿಯ ಮನುಷ್ಯನಾದ್ದರಿಂದ ಸೂಚನೆಗಳ ಹಾಳೆಯನ್ನೂ ಓದಿದ. ಅದರ ಮುಂಭಾಗದ ಕೊನೆಯ ಸಾಲಿನಲ್ಲಿ, “ಹಾಳೆಗಳಿಗೆ ಪಿನ್ನು, ಕ್ಲಿಪ್ಪು ಹಾಕಬಾರದು” ಎಂದಿತ್ತು. ಗೋಂದಣ್ಣನ ಕಣ್ಣು ಅಲ್ಲೇ ನಿಂತಿತು. ಪಿನ್ನು ಕಾಗದಕ್ಕೆ ತುಕ್ಕು ಹಿಡಿಸುತ್ತದೆ, ಕ್ಲಿಪ್ಪು ಅಂಚನ್ನು ಮುದುರುತ್ತದೆ ಎಂದು ಅವನು ಮೂವತ್ತೊಂದು ವರ್ಷದಿಂದ ಗಂಟಲು ಹರಿದುಕೊಂಡಿದ್ದ; ಕೇಳಿದವರಿಲ್ಲ. ಇಲ್ಲಿ ನೋಡಿದರೆ ಅಚ್ಚು ಹಾಕಿಸಿ ಹೇಳಿದ್ದಾರೆ! ಇಂಥ ತಿಳಿದವರ ಮುಂದೆ ಮಗಳ ಅರ್ಜಿಯನ್ನು ಹುರಿಗಡಲೆ ಪೊಟ್ಟಣದ ಕಾಗದದ ಹಾಗೆ ಕೈಯಲ್ಲಿ ಹಿಡಿದುಕೊಂಡು ಹೋಗುವುದೇ? ಹಾಳೆಯ ಹಿಂದೆಯೂ ಏನೋ ಬರೆದಿತ್ತು. ಅದನ್ನು ಓದುವಷ್ಟು ವ್ಯವಧಾನ ಅವನಿಗಿರಲಿಲ್ಲ. ಆಗಲೇ ಎಂಟು ಗಂಟೆಯಾಗಿತ್ತು, ಅಂಟು ಒಣಗಬೇಕಿತ್ತು.

ಹಾಳೆಗಳನ್ನು ಐದು, ಐದು, ನಾಲ್ಕರಂತೆ ಮೂರು ಕಂತೆ ಮಾಡಿದ. ಒಂದೊಂದರ ಅಂಚಿಗೂ ಮೇಣ ಸವರಿದ ದಾರದಲ್ಲಿ ಓರೆ ಹೊಲಿಗೆ ಹಾಕಿದ. ಮೂರನ್ನೂ ಒಂದು ಬಟ್ಟೆಯ ಪಟ್ಟಿಗೆ ಸೇರಿಸಿ ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಕೂರಿಸಿ, ಒಳ್ಳೆಯ ಗಿರಾಕಿಗೆಂದು ಎತ್ತಿಟ್ಟಿದ್ದ ಕಡುಗೆಂಪು ಬಟ್ಟೆ ಹೊದಿಸಿದ. ಸೂಚನೆಗಳ ಹಾಳೆ ಸ್ವಲ್ಪ ದಪ್ಪ ಕಾಗದದ್ದು. ಮೇಲಿನ ರಟ್ಟಿನ ಒಳಮೈಗೆ ಅಂಟಿಸಲು ಹೇಳಿ ಮಾಡಿಸಿದ ಹಾಗಿತ್ತು. ಅಂಟಿಸಿದ. ಕೊನೆಗೆ ಅಕ್ಷರದ ಅಚ್ಚುಗಳನ್ನು ಕಾಯಿಸಿ, ಮೇಲೆ ಮಗಳ ಹೆಸರನ್ನು ಚಿನ್ನದ ಬಣ್ಣದಲ್ಲಿ ಒತ್ತಿದ. ಮಧ್ಯಾಹ್ನ ಮೂರೂವರೆಯವರೆಗೆ ಯಂತ್ರದ ಅಡಿಯಲ್ಲಿಟ್ಟು, ಆಮೇಲೆ ತೆಗೆದು, ಮೂಸಿ ನೋಡಿ, ಶುಭ್ರವಾದ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ದಾರಿಯಲ್ಲಿ ಕ್ಷೌರಿಕನಿಗೂ ಬಿಚ್ಚಿ ತೋರಿಸಿದ.

“ಇದು ಅರ್ಜಿನಾ ಅಣ್ಣಾ? ಇದಕ್ಕೇ ಒಂದು ಬಹುಮಾನ ಕೊಡ್ಬೇಕು,” ಎಂದ ಕ್ಷೌರಿಕ. ಗೋಂದಣ್ಣ ಆ ಮಾತನ್ನು ಬೇಡವೆನ್ನಲಿಲ್ಲ.

ಪ್ರತಿಷ್ಠಾನದ ಕಚೇರಿ ವಾಚನಾಲಯದ ಮಹಡಿಯ ಮೇಲೆ ಒಂದು ಕೋಣೆ. ಅಲ್ಲೊಬ್ಬಳು ಗುಮಾಸ್ತೆ, ವಯಸ್ಸು ಐವತ್ತರ ಆಚೆ, ಮುಂದೆ ಮೊಹರು, ಮಸಿಪೆಟ್ಟಿಗೆ, ಒಂದು ತಟ್ಟೆಯಲ್ಲಿ ಅರ್ಧ ತಿಂದ ಸೇಬು. ಗೋಡೆ ಗಡಿಯಾರದಲ್ಲಿ ನಾಲ್ಕು ಹದಿನೈದು. ಗೋಂದಣ್ಣ ಸುತ್ತಿದ್ದ ಬಟ್ಟೆ ಬಿಚ್ಚಿ ಅರ್ಜಿಯನ್ನು ಮೇಜಿನ ಮೇಲಿಟ್ಟ. ಆಕೆ ಸೇಬು ಜಗಿಯುವುದನ್ನು ನಿಲ್ಲಿಸಿದಳು.

“ಏನಿದು?”

“ಅರ್ಜಿ, ಮೇಡಂ.”

ಆಕೆ ಕೈ ಒರೆಸಿಕೊಂಡು ಕೆಂಪು ಬಟ್ಟೆಯ ಮೇಲೆ ಬೆರಳಾಡಿಸಿದಳು, ಅಂಚು ನೋಡಿದಳು, ತೆರೆದು ಮುಚ್ಚಿದಳು. “ತುಂಬ ಚೆನ್ನಾಗಿದೆ,” ಎಂದಳು. ಗೋಂದಣ್ಣ ಮುಂದಿನ ಹೊಗಳಿಕೆಗೆ ಮುಖ ಸಿದ್ಧ ಮಾಡಿಕೊಂಡ. “ಆದ್ರೆ ಇದನ್ನ ತಗೊಳಕ್ಕಾಗಲ್ಲ, ಯಜಮಾನ್ರೇ.”

“ಯಾಕೆ? ಪಿನ್ ಇಲ್ಲ, ಕ್ಲಿಪ್ ಇಲ್ಲ. ಬೇಕಾದ್ರೆ ಆಯಸ್ಕಾಂತ ಹಿಡಿದು ನೋಡಿ.”

“ಸೂಚನೆ ಓದಿದ್ರಾ?”

“ಓದ್ದೆ ಮೇಡಂ. ನೂರಕ್ಕೆ ನೂರು ಸರಿ. ಅದನ್ನ ಬರೆದೋರಿಗೆ ಕೈ ಮುಗೀಬೇಕು.”

“ಬರೆದೋಳು ನಾನೇ. ಹಿಂದಿನ ಪುಟ ಓದಿದ್ರಾ?”

ಗೋಂದಣ್ಣ ಮೇಲಿನ ರಟ್ಟು ತೆರೆದು ನೋಡಿದ. “ಹಿಂದಿನ ಪುಟ ರಟ್ಟಿಗೆ ಅಂಟಿಸಿದ್ದೀನಿ,” ಎಂದ.

ಆಕೆ ಖಾನೆಯಿಂದ ಇನ್ನೊಂದು ಪ್ರತಿ ತೆಗೆದು ಹಿಂದಿನ ಪುಟವನ್ನು ಗಟ್ಟಿಯಾಗಿ ಓದಿದಳು. ಎಲ್ಲ ಹಾಳೆಗಳೂ ಬಿಡಿಯಾಗಿರಬೇಕು. ಏಳು ಜನ ಸದಸ್ಯರಿಗಾಗಿ ಏಳು ಪ್ರತಿ ತೆಗೆಯಲಾಗುವುದು. ಹೆಸರಿರುವ ಮೊದಲ ಹಾಳೆಯನ್ನು ಕಚೇರಿಯಲ್ಲಿ ಇಟ್ಟುಕೊಂಡು, ಉಳಿದವುಗಳಲ್ಲಿ ಹೆಸರು ಮುಚ್ಚಿ ಸಂಖ್ಯೆ ಮಾತ್ರ ಹಾಕಲಾಗುವುದು. ಸಂದರ್ಶನದವರೆಗೆ ಅರ್ಜಿದಾರರ ಹೆಸರು ಯಾವ ಸದಸ್ಯರಿಗೂ ತಿಳಿಯಕೂಡದು. ಆಕೆ ಓದುವಾಗ ಕಿಟಕಿಯ ಬಿಸಿಲು ಕೆಂಪು ರಟ್ಟಿನ ಮೇಲೆ ಬಿದ್ದು, ಮಗಳ ಹೆಸರು ಕೋಣೆಯ ಆ ತುದಿಯಿಂದಲೂ ಓದುವ ಹಾಗೆ ಹೊಳೆಯುತ್ತಿತ್ತು.

“ಐದಕ್ಕೆ ನಾನು ಪೆಟ್ಟಿಗೆ ಮುಚ್ಚಿ ಬೀಗ ಹಾಕ್ಬೇಕು,” ಎಂದಳು ಆಕೆ. “ಅಷ್ಟರೊಳಗೆ ಬಿಡಿ ಹಾಳೆ ಕೊಟ್ರೆ ತಗೋತೀನಿ. ನಿಯಮ ನಿಯಮವೇ.”

ಮತ್ತೆ ಬರೆಸೋಣವೆಂದರೆ ಮೊಹರು, ಸಹಿ, ಶಿಫಾರಸು ಎಲ್ಲ ಒಳಗೇ ಇವೆ. ಮನೆಗೆ ಹೋಗಿ ಬರಲು ನಲವತ್ತು ನಿಮಿಷ ಬೇಕು. ಔಷಧಿ ಅಂಗಡಿಯ ಗಲ್ಲಾದ ಹಿಂದೆ ಮಗಳು ಕೆಮ್ಮಿನ ಔಷಧಿ ಸುತ್ತಿಕೊಡುತ್ತಿರುವುದು ಗೋಂದಣ್ಣನ ಕಣ್ಣಿಗೆ ಕಟ್ಟಿತು.

“ಮೇಡಂ, ಒಂದು ಚಾಕು ಇದ್ರೆ ಕೊಡಿ.”

“ಇದು ಸೇಬು ಕೊಯ್ಯೋ ಚಾಕು.”

“ಆಗುತ್ತೆ. ಸ್ವಲ್ಪ ಬಿಸಿನೀರು?”

ಆಕೆ ಚಹಾಕ್ಕೆಂದು ಕಾಯಿಸಿದ್ದ ನೀರನ್ನು ಮುಂದಿಟ್ಟಳು. ಗೋಂದಣ್ಣ ರಟ್ಟು ಸೇರುವ ಕಡೆ ಚಾಕು ಹಾಕಿದ. ರಟ್ಟು ಬಂತು. ಆದರೆ ಬೆನ್ನು ಬಿಡಲಿಲ್ಲ. ಕರವಸ್ತ್ರವನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಬೆನ್ನಿನ ಮೇಲಿಟ್ಟು ಅಂಟು ಮೆತ್ತಗಾಗಲೆಂದು ಕಾದ. ನೀರು ಒಂದು ತೊಟ್ಟು ಒಳಗಿಳಿದರೆ ಪ್ರಬಂಧದ ಶಾಯಿ ಹರಡಿ ಹೋಗುತ್ತದೆ. ಕಡಿಮೆಯಾದರೆ ಅಂಟು ಬಿಡುವುದಿಲ್ಲ. ಅಂಟಂತೂ ಅದ್ಭುತವಾಗಿ ಹಿಡಿದಿತ್ತು. ಹೊಲಿಗೆ ಅದಕ್ಕಿಂತ ಅದ್ಭುತ. ಬೇರೆ ಯಾವನಾದರೂ ಸೋಮಾರಿ ಹೊಲಿದಿದ್ದರೆ ಹತ್ತು ನಿಮಿಷದ ಕೆಲಸ. ತನ್ನ ಕಸುಬುದಾರಿಕೆಯನ್ನು ಗೋಂದಣ್ಣ ಜೀವಮಾನದಲ್ಲಿ ಮೊದಲ ಸಲ ಬೈದುಕೊಂಡ.

ನಾಲ್ಕೂವರೆಗೆ ಮೊದಲ ಕಂತೆ ಬಿಡಿಸಿಕೊಂಡಿತು. ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡುತ್ತ ಹೋದ. ಎರಡನೆಯ ಕಂತೆಯಲ್ಲಿ ಪ್ರಬಂಧ ಬಂತು. ದಾರ ಕೀಳುವಾಗ ಕಣ್ಣು ತಪ್ಪಿ ಅಕ್ಷರದ ಮೇಲೆ ಬಿತ್ತು.

“ನನ್ನ ತಂದೆ ಸಾವಿರಾರು ಪುಸ್ತಕಗಳನ್ನು ಕಟ್ಟಿದ್ದಾರೆ, ಒಂದನ್ನೂ ಓದಿಲ್ಲ. ಆದರೆ ಕತ್ತರಿಸಿದ ಅಂಚನ್ನು ನೋಡಿಯೇ ಒಳಗಿನ ಕಾಗದ ಎಷ್ಟು ಹಳೆಯದು, ಎಲ್ಲಿ ನೀರು ಬಿದ್ದಿತ್ತು, ಎಲ್ಲಿ ಹಾಳೆ ಕಾಣೆಯಾಗಿದೆ ಎಂದು ಹೇಳುತ್ತಾರೆ. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಕಲ್ಲಿನ ಪದರಗಳನ್ನು ಮೊದಲ ಸಲ ಕಂಡಾಗ, ಈ ವಿದ್ಯೆ ನಮ್ಮ ಮನೆಯದೇ ಎನ್ನಿಸಿತು.”

“ನೋಡಿ ಮೇಡಂ, ಒಂದನ್ನೂ ಓದಿಲ್ಲ ಅಂತ ಬರೆದಿದ್ದಾಳೆ!” ಎಂದ ಗೋಂದಣ್ಣ. “ಊರಿನ ಏಳು ಜನ ದೊಡ್ಡ ಮನುಷ್ಯರು ಓದೋ ಕಾಗದದಲ್ಲಿ! ಸುಳ್ಳು ಇದು.”

“ಹಾಗಾದ್ರೆ ಯಾವುದು ಓದಿದ್ದೀರಿ?”

ಅವನು ಯೋಚಿಸಿದ. “ಕುದುರೆಗಳಿಗೆ ಬರೋ ಕಾಯಿಲೆ ಬಗ್ಗೆ ಒಂದು. ಅರ್ಧ ಆಗಿತ್ತು, ಗಿರಾಕಿ ಬಂದ್ಬಿಟ್ಟ.”

“ಮಿಕ್ಕಿದ್ದು ಆಮೇಲೆ ಓದೋರಂತೆ. ಈಗ ದಾರ ಕೀಳಿ. ಇಪ್ಪತ್ತು ನಿಮಿಷ ಇದೆ.”

ಅವನು ಕಿತ್ತ. ಆದರೆ ಆ ಹಾಳೆಯನ್ನು ಮೇಜಿನ ಮೇಲಿಡುವಾಗ ಅಂಗೈಯಿಂದ ಒಮ್ಮೆ ನೇವರಿಸಿದ, ಅದು ಸುಕ್ಕಾಗಿರಲಿಲ್ಲ.

ಮೂರನೆಯ ಕಂತೆ ಮೊಂಡು ಹಿಡಿಯಿತು. ಗಂಟು ಒಳಗೆ ಸೇರಿಕೊಂಡಿತ್ತು. ಒಂದು ಕೈ ಹಾಳೆ ಹಿಡಿಯಲು, ಒಂದು ಕೈ ಚಾಕು ಹಿಡಿಯಲು, ದಾರ ಬಿಗಿಯಾಗಿ ಎಳೆದು ಹಿಡಿಯಲು ಮೂರನೆಯ ಕೈ ಬೇಕಿತ್ತು.

“ಮೇಡಂ, ಇದರ ತುದಿ ಸ್ವಲ್ಪ ಹಿಡ್ಕೊಳ್ಳಿ.”

“ನಾನು ಅರ್ಜಿದಾರರಿಗೆ ಸಹಾಯ ಮಾಡೋ ಹಾಗಿಲ್ಲ.”

“ಅರ್ಜಿದಾರಳು ನನ್ನ ಮಗಳು. ನಾನಲ್ಲವಲ್ಲ.”

ಆಕೆ ತಾನೇ ಬರೆದ ನಿಯಮಗಳನ್ನು ಮನಸ್ಸಿನಲ್ಲಿ ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದಳು. ಬೈಂಡರ್‌ಗಳ ವಿಷಯ ಅವುಗಳಲ್ಲಿ ಏನೂ ಇರಲಿಲ್ಲ. ಎದ್ದು ಬಂದು ದಾರದ ತುದಿ ಹಿಡಿದಳು.

“ಎಳೀರಿ. ಇನ್ನೂ. ಅಯ್ಯೋ, ಹಾಗೆ ಜಗ್ಗಬೇಡಿ ತಾಯಿ, ಕಾಗದ ಅದು, ಹಗ್ಗ ಅಲ್ಲ!”

“ಕಿರಿಚ್ಬೇಡಿ. ನಿಮ್ಮನ್ನ ಯಾರು ಇಷ್ಟು ಗಟ್ಟಿಯಾಗಿ ಹೊಲಿ ಅಂದ್ರು?”

ನಾಲ್ಕು ಐವತ್ತೆರಡಕ್ಕೆ ಹದಿನಾಲ್ಕನೆಯ ಹಾಳೆ ಬಿಡಿಯಾಯಿತು. ಆಕೆ ಎಣಿಸಿದಳು, ಹೆಸರಿನ ಹಾಳೆ ಬೇರೆ ತೆಗೆದಳು, ಉಳಿದವುಗಳ ಮೇಲೆ ಹದಿನೇಳು ಎಂದು ಸಂಖ್ಯೆ ಹಾಕಿ ಪೆಟ್ಟಿಗೆಗೆ ಸೇರಿಸಿ ರಸೀದಿ ಬರೆದಳು. ಹಾಳೆಗಳ ಎಡ ಅಂಚಿನುದ್ದಕ್ಕೂ ಸೂಜಿಯ ತೂತುಗಳು ಸಾಲಾಗಿ ಉಳಿದಿದ್ದವು. ಇಬ್ಬರೂ ಅವನ್ನು ನೋಡಿದರು. ತೂತುಗಳ ವಿಷಯವೂ ನಿಯಮದಲ್ಲಿ ಇರಲಿಲ್ಲ.

ಮನೆಯಲ್ಲಿ ಮಗಳು ಕೇಳಿದಳು, “ಕೊಟ್ಯಾ?”

“ಕೊಟ್ಟೆ. ತಗೋ ರಸೀದಿ.”

“ಐದಕ್ಕೆ ಆರು ನಿಮಿಷ ಅಂತಿದೆ! ಇಷ್ಟು ತಡ ಯಾಕಾಯ್ತು?”

“ಜನ ಇದ್ರು.”

ಇಬ್ಬರೇ ಇದ್ದರೂ ಜನವೇ. ಆ ಮಟ್ಟಿಗೆ ಅವನು ಸುಳ್ಳು ಹೇಳಲಿಲ್ಲ. ಅಂಗಿಯೊಳಗೆ ಬಚ್ಚಿಟ್ಟು ತಂದ ಕೆಂಪು ರಟ್ಟನ್ನು ಹೆಂಡತಿ ಹತ್ತು ನಿಮಿಷದೊಳಗೆ ಪತ್ತೆ ಹಚ್ಚಿದಳು. ಚಿನ್ನದ ಹೆಸರನ್ನು ನೋಡಿದಳು, ಕಿತ್ತುಹೋದ ಬೆನ್ನನ್ನು ನೋಡಿದಳು, ಗಂಡನ ಮುಖ ನೋಡಿದಳು. ಒಂದು ಮಾತೂ ಆಡಲಿಲ್ಲ. ಇಂಥದ್ದನ್ನು ಒಂದೇ ಸಂಜೆಗೆ ಖರ್ಚು ಮಾಡಿಬಿಡುವಷ್ಟು ದಡ್ಡಳಲ್ಲ ಅವಳು. ಮುಂದಿನ ಮೂರು ವಾರ ಗೋಂದಣ್ಣ ಕೇಳದೆಯೇ ನೀರು ತುಂಬಿಸಿದ, ಪಾತ್ರೆ ತೊಳೆದ, ಅತ್ತೆಯನ್ನು ಎರಡು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಮೂರನೆಯ ವಾರದ ಕೊನೆಗೆ ಸಂದರ್ಶನಕ್ಕೆ ನಾಲ್ವರನ್ನು ಕರೆದರು. ಅವರಲ್ಲಿ ಹದಿನೇಳನೆಯ ಸಂಖ್ಯೆಯೂ ಇತ್ತು. ಮಗಳು ಬೆಳಿಗ್ಗೆ ಹೋದವಳು ಮಧ್ಯಾಹ್ನ ಬಂದು, ಚಪ್ಪಲಿಯನ್ನೂ ಬಿಡದೆ ಅಂಗಡಿಯ ಬಾಗಿಲಲ್ಲಿ ನಿಂತಳು.

“ಅಪ್ಪಾ, ಸೂಜಿ ಕೆಳಗಿಡು.”

ಗೋಂದಣ್ಣ ಇಟ್ಟ.

“ಏಳು ಜನ ಏಳು ಪ್ರತಿ ಮುಂದಿಟ್ಕೊಂಡು ಕೂತಿದ್ರು. ಎಲ್ಲ ಪುಟದಲ್ಲೂ ಎಡಗಡೆ ಕಪ್ಪು ಚುಕ್ಕೆ ಸಾಲು. ಒಬ್ರು ಯಂತ್ರ ಕೆಟ್ಟಿದೆ ಅಂದ್ರಂತೆ, ಇನ್ನೊಬ್ರು ಗೆದ್ದಲು ಅಂದ್ರಂತೆ. ಕಡೆಗೆ ಅಧ್ಯಕ್ಷರು ನನ್ನನ್ನೇ ಕೇಳಿದ್ರು, ಇದೇನಮ್ಮ ಅಂತ. ನಂಗೇನು ಗೊತ್ತು? ನಾನು ಕೊಟ್ಟಾಗ ಇರ್ಲಿಲ್ಲ.”

“ಏನಂದೆ?”

“ಒಂದು ನಿಮಿಷ ನೋಡ್ದೆ. ಚುಕ್ಕೆ ಓರೆಯಾಗಿದೆ, ಅಂದ್ರೆ ಓರೆ ಹೊಲಿಗೆ. ನಾಲ್ಕೈದು ಪುಟಕ್ಕೆ ಒಂದು ಸಲ ಅಂತರ ಬದಲಾಗುತ್ತೆ, ಅಂದ್ರೆ ಮೂರು ಕಂತೆ. ಕೊನೇ ಕಂತೆಯಲ್ಲಿ ಎರಡು ತೂತು ಹರಿದಿದೆ, ಅಂದ್ರೆ ಬಿಚ್ಚಿದೋರಿಗೆ ಅವಸರ. ಅಂಚಿನ ನೆರಳು ಅಂಕುಡೊಂಕಾಗಿ ಬಿದ್ದಿದೆ, ಅಂದ್ರೆ ನೀರು ಮುಟ್ಟಿಸಿ ಕಾಗದ ಉಬ್ಬಿದೆ. ಎಲ್ಲ ಅದೇ ಥರ ಹೇಳ್ದೆ. ಕಟ್ಟಿದ್ದೂ ಬಿಚ್ಚಿದ್ದೂ ಒಬ್ಬರೇ ಅಂತ್ಲೂ ಹೇಳ್ದೆ. ಅಧ್ಯಕ್ಷರು ಯಾರು ಅಂದ್ರು. ನಮ್ಮಪ್ಪ ಅಂದೆ. ಮೂಲೆಯಲ್ಲಿ ಕೂತಿದ್ದ ಗುಮಾಸ್ತೆ ಕೆಮ್ಮಕ್ಕೆ ಶುರು ಮಾಡಿದ್ರು, ಐದು ನಿಮಿಷ ನಿಲ್ಲಿಸ್ಲಿಲ್ಲ.”

“ನಕ್ರಾ ಎಲ್ರೂ?”

“ನಕ್ರು. ಆಮೇಲೆ ಅರ್ಧ ಗಂಟೆ ಕಲ್ಲಿನ ಬಗ್ಗೆ ಹಿಂಡಿ ಹಾಕಿದ್ರು.” ಅವಳು ದನಿ ತಗ್ಗಿಸಿ ಕೇಳಿದಳು, “ಒಂದು ವೇಳೆ ಆರು ನಿಮಿಷ ತಡ ಆಗಿದ್ರೆ, ಅಪ್ಪಾ?”

ಗೋಂದಣ್ಣ ತಲೆ ತಗ್ಗಿಸಿ, “ತಪ್ಪಾಯ್ತು,” ಎಂದ. ಅವನ ಬಾಯಲ್ಲಿ ಆ ಮಾತನ್ನು ಮಗಳು ಕೇಳಿದ್ದು ಅದೇ ಮೊದಲು. ಅವಳು ಚಪ್ಪಲಿ ಬಿಡಲು ಹೋದಳು.

ಆ ಚುಕ್ಕೆಗಳಿಂದಲೇ ಹುಡುಗಿಗೆ ವಿದ್ಯಾರ್ಥಿವೇತನ ಸಿಕ್ಕಿತೆಂದು ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಕ್ಷೌರಿಕನಂತೂ ಕತ್ತರಿ ಆಡಿಸುತ್ತ ದಿನಕ್ಕೆ ನಾಲ್ಕು ತಲೆಗೆ ಹೇಳುತ್ತಾನೆ. ಅದು ನಿಜವಲ್ಲ. ಅರ್ಧ ಗಂಟೆ ಕೇಳಿದ ಪ್ರಶ್ನೆಗಳಿಗೆ ಅವಳು ಕೊಟ್ಟ ಉತ್ತರಗಳಿಂದ ಸಿಕ್ಕಿತು, ಮೂರು ವರ್ಷದ ಅಂಕಗಳಿಂದ ಸಿಕ್ಕಿತು. ಅಪ್ಪನ ದಡ್ಡತನ ಅದಕ್ಕೆ ಅಡ್ಡ ಬರದೆ ಹೋಯಿತು, ಅಷ್ಟೇ.

ಪತ್ರ ಬಂದದ್ದು ಒಂದು ಶನಿವಾರ, ಹೆಂಡತಿ ಮನೆಯಲ್ಲಿದ್ದ ಹೊತ್ತಿಗೆ. ಅವಳೇ ಲಕೋಟೆ ಒಡೆದಳು. ಗಂಡನ ಕೈಗೆ ಕೊಡಲಿಲ್ಲ. ಮಗಳು ಗಟ್ಟಿಯಾಗಿ ಓದಿದಳು. ಪೂರ್ತಿ ಶುಲ್ಕ, ನಾಲ್ಕು ವರ್ಷ. ಮುಂದಿನ ತಿಂಗಳ ಮೊದಲ ವಾರ ಕಾಲೇಜಿನ ವಿದ್ಯಾರ್ಥಿನಿಲಯಕ್ಕೆ ಸೇರಬೇಕು. ಓದಿ ಮುಗಿಸಿ ಅವಳು ಮತ್ತೊಮ್ಮೆ ಮೊದಲಿಂದ ಓದಿದಳು, ಈ ಸಲ ಮೆಲ್ಲಗೆ. ಅಮ್ಮ, “ಚಿಕ್ಕಮ್ಮಂಗೆ ನಾನು ಹೇಳ್ತೀನಿ, ನಾನೇ ಹೇಳ್ತೀನಿ,” ಎಂದು ಎರಡು ಸಲ ಹೇಳಿದಳು.

ಗೋಂದಣ್ಣ ಕೆಲಸದ ಮೇಜಿನ ಮುಂದೆ ನಿಂತಿದ್ದ. ಮೇಜಿನ ಮೇಲೆ ಯಾರದೋ ಹಳೆಯ ನಿಘಂಟು ಬಿಚ್ಚಿ ಹರಡಿತ್ತು. “ವಿದ್ಯಾರ್ಥಿನಿಲಯ ಅಂದ್ರೆ... ಅಲ್ಲೇ ಇರ್ಬೇಕಾ?” ಎಂದ.

“ಇನ್ನೆಲ್ಲಿ ಅಪ್ಪಾ? ದಿನಾ ಏಳು ಗಂಟೆ ಹೊತ್ತು ಬಸ್ಸಲ್ಲಿ ಕೂತು ಹೋಗಿ ಬರಕ್ಕಾಗುತ್ತಾ?”

“ಇಲ್ಲ, ಸುಮ್ನೆ ಕೇಳ್ದೆ.” ಅವನು ಕನ್ನಡಕ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ನಿಘಂಟಿನ ಹಾಳೆಗಳ ಮೇಲೆ ಬಗ್ಗಿ ಏನನ್ನೋ ಹುಡುಕುವವನ ಹಾಗೆ ಮುಖ ಮರೆಮಾಡಿಕೊಂಡ.

ಹೆಂಡತಿ ಅವನನ್ನು ಒಂದು ಕ್ಷಣ ನೋಡಿ, ಬಾಗಿಲ ಕಡೆ ಕೈ ತೋರಿಸಿದಳು.

“ರೀ, ಅಳೋದಾದ್ರೆ ಹೊರಗೆ ಹೋಗಿ. ಇಲ್ಲಿ ಕಾಗದ ಇದೆ.”